ಮಗ್ಗದ ಬೀದಿಯ ಕಾವಲು ಸಮಿತಿ

ಜನ ಪೊಲೀಸರ ಹತ್ತಿರ ಬರದಿದ್ದರೆ ಒಂದು ಕಷ್ಟ, ಬಂದರೆ ನೂರೆಂಟು ಕಷ್ಟ. ದೊಡ್ಡಬಳ್ಳಾಪುರದಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿರುವ ನನಗೆ ದಿನ ಬೆಳಗಾದರೆ ಇದೇ ಅನುಭವ. ನನ್ನ ಬೀಟಿಗೆ, ಅಂದರೆ ನಾನು ನಿಗಾ ಇಡಬೇಕಾದ ಬೀದಿಗಳಿಗೆ, ಒಂದು ಮಗ್ಗದ ಬೀದಿಯೂ ಸೇರಿದೆ. ಅಲ್ಲಿ ಮನೆಮನೆಯಲ್ಲೂ ಕರೆಂಟ್ ಮಗ್ಗ. ಬೆಳಗ್ಗೆ ಶುರುವಾದ ಲಟಪಟ ಸದ್ದಿಗೆ ಬಿಡುವೇ ಇಲ್ಲ. ಗಂಡ ಹೆಂಡತಿ ಜಗಳ ಆಡಬೇಕಾದರೂ ಮಗ್ಗ ನಿಲ್ಲಿಸಿಯೇ ಆಡಬೇಕು. ನಿಲ್ಲಿಸಿದರೆ ನಷ್ಟ ಅಂತ ಆ ಬೀದಿಯಲ್ಲಿ ಸಂಸಾರಗಳು ಚೆನ್ನಾಗಿಯೇ ನಡೆಯುತ್ತವೆ.

ಇಂಥ ಬೀದಿಯಲ್ಲಿ ಮಗ್ಗದ ಮೋಟರ್‌ಗಳು ಕಳುವಾಗತೊಡಗಿದವು. ಕೊನೆಗೆ ಹೋದದ್ದು, ಇರುವ ಒಂದೇ ಮಗ್ಗದಲ್ಲಿ ಸೀರೆ ನೇಯ್ದು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ಹೆಂಗಸಿನದು. ಆಕೆ ಘಾಟಿ ದೇವಸ್ಥಾನಕ್ಕೆ ಹೋಗಿ ಹರಕೆ ತೀರಿಸಿ ಬರುವಷ್ಟರಲ್ಲಿ ಹಾಡಹಗಲೇ ಮೋಟರ್ ಮಾಯ. ಅದೇ ಬೀದಿಯಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟಿರುವ ಭಾಯಿ ಮರುಗಿ, ತನ್ನದೊಂದು ಹಳೇ ಮೋಟರಿಗೆ ತಂತಿ ಸುತ್ತಿ ಕೂರಿಸಿಕೊಟ್ಟ. "ಇದೂ ಹೋದ್ರೆ ಮಗ್ಗ ಮಾರ್ಬಿಟ್ಟು ಗಾರ್ಮೆಂಟ್ಸ್ ಬಸ್ ಹತ್ತೋದೇ ಮೇಡಂ" ಎಂದು ಆಕೆ ಅಂದಾಗ ಹೇಗಾದರೂ ಆ ಕಳ್ಳನನ್ನು ಹಿಡಿಯಲೇಬೇಕು ಅನ್ನಿಸಿತು. ಅದಕ್ಕೆ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದ ಮದ್ದು, ಬೀದಿಯವರದೇ ಒಂದು ಕಾವಲು ಸಮಿತಿ.

ಯೂನಿಫಾರಂ ಇಲ್ಲದ ಪೊಲೀಸರು

ಮೊದಲ ಸಭೆಯಲ್ಲಿ ಸಾಹೇಬರು ಮೈಕ್ ಹಿಡಿದು, "ಇವತ್ತಿನಿಂದ ನೀವೆಲ್ಲರೂ ಯೂನಿಫಾರಂ ಇಲ್ಲದ ಪೊಲೀಸರು" ಎಂದರು. ಚಪ್ಪಾಳೆಯೋ ಚಪ್ಪಾಳೆ. ಸದಾ ಪಂಚೆ ಉಡುವ, ರಿಟೈರಾದ ಮೇಷ್ಟ್ರೊಬ್ಬರು ಅಧ್ಯಕ್ಷರಾದರು. ಎಲ್ಲರಿಗೂ ಒಂದೊಂದು ಗುರುತಿನ ಕಾರ್ಡ್ ಕೊಟ್ಟೆವು. ಆ ಕಾರ್ಡನ್ನು ಕೊಡಬಾರದಿತ್ತು.

ಸ್ವಲ್ಪ ದಿನಕ್ಕೇ ಟೋಲ್‌ಗೇಟ್‌ನಿಂದ ನನಗೆ ಫೋನು.

"ಮೇಡಂ, ಇಲ್ಲೊಬ್ರು ಕಾರಲ್ಲಿ ಬಂದವ್ರೆ. ದುಡ್ಡು ಕೇಳಿದ್ರೆ ಪೊಲೀಸು ಅಂತಾರೆ. ಯೂನಿಫಾರಂ ಎಲ್ಲಿ ಅಂದ್ರೆ, ನಾನು ಯೂನಿಫಾರಂ ಇಲ್ಲದ ಪೊಲೀಸು ಅಂತಾರೆ."

"ಪಂಚೆ ಉಟ್ಟವ್ರಾ?"

"ಹೂಂ ಮೇಡಂ. ಹಿಂದೆ ಗಾಡಿಗಳು ಹಾರನ್ ಹೊಡೀತಾವೆ. ಅವ್ರಿಗೂ ಕಾರ್ಡ್ ತೋರಿಸ್ತಾವ್ರೆ."

ಮೇಷ್ಟ್ರಿಗೆ ಫೋನ್ ಕೊಡಿಸಿ, ಆ ಕಾರ್ಡು ಟೋಲ್‌ಗೆ ನಡೆಯುವುದಿಲ್ಲ ಎಂದು ಸಮಾಧಾನವಾಗಿ ಹೇಳಿದೆ.

"ಹಂಗಾದ್ರೆ ಇದ್ಯಾತಕ್ಕಮ್ಮಾ ತಾಯೀ?"

"ಕಳ್ಳನ್ನ ಹಿಡಿಯೋಕೆ ಮೇಷ್ಟ್ರೇ."

"ಟೋಲ್‌ನೋರೇ ಬಗ್ಗಲಿಲ್ಲ, ಇನ್ನು ಕಳ್ಳ ಬಗ್ತಾನಾ?" ಎಂದು ಮೇಷ್ಟ್ರು ಫೋನ್ ಇಟ್ಟರು.

ಅನುಮಾನದ ಹೆಂಗಸು

ಸಮಿತಿಗೆ ವಾಟ್ಸಾಪ್ ಗುಂಪು ಮಾಡಿದೆವು. ಗುರುತಿಲ್ಲದವರು ಬೀದಿಯಲ್ಲಿ ಸುಳಿದಾಡಿದರೆ ಫೋಟೋ ತೆಗೆದು ಹಾಕಬೇಕು. ಮೊದಲ ವಾರ ಬಂದ ಫೋಟೋಗಳಲ್ಲಿ ಪೋಸ್ಟ್‌ಮನ್, ಹಾಲಿನವನು, ಹಿಂದಿನ ದಿನವಷ್ಟೇ ಮದುವೆಯಾಗಿದ್ದ ಒಬ್ಬ ಹೊಸ ಅಳಿಯ, ಎಲ್ಲರೂ ಇದ್ದರು. ಅಳಿಯನ ಫೋಟೋ ಹಾಕಿದ್ದು ಅವನ ಮಾವನೇ. ಕನ್ನಡಕ ಹಾಕಿಕೊಂಡಿರಲಿಲ್ಲವಂತೆ.

ಇವರನ್ನು ನಂಬಿದರೆ ಕೆಲಸ ಕೆಟ್ಟಿತು ಎಂದು ಒಂದು ದಿನ ನಾನೇ ಸಾದಾ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ತರಕಾರಿ ಚೀಲ ಹಿಡಿದು ಬೀದಿ ಸುತ್ತಲು ಹೋದೆ. ಅರ್ಧ ಬೀದಿ ದಾಟಿರಲಿಲ್ಲ, ಚೀಲದೊಳಗಿನ ಫೋನು ಗುಯ್ ಅಂದಿತು. ನೋಡಿದರೆ ಹಿಂದಿನಿಂದ ತೆಗೆದ ಒಬ್ಬ ಹೆಂಗಸಿನ ಫೋಟೋ. ಕೆಳಗೆ ಮೇಷ್ಟ್ರ ಬರಹ: "ಈಯಮ್ಮ ಮನೆಮನೆ ಇಣುಕಿ ನೋಡ್ತಾವ್ಳೆ. ಮೇಡಂ ತಕ್ಷಣ ಬರಬೇಕು."

ಅದರ ಕೆಳಗೆ ಭಾಯಿ: "ನಡೆಯೋ ಚಾಲ್ ನೋಡಿದ್ರೇನೇ ಗೊತ್ತಾಗುತ್ತೆ, ಪಕ್ಕಾ ಕಳ್ಳಿ."

ಮತ್ತೊಬ್ಬರು: "ಚೀಲ ದಪ್ಪ ಇದೆ. ಯಾರದೋ ಮನೆ ತೊಳೆದಾಯ್ತು."

ನಾನು ಬರೆದೆ, "ಬಂದಿದ್ದೀನಿ."

ಮೇಷ್ಟ್ರು ಕೇಳಿದರು, "ಎಲ್ಲಿದ್ದೀರ?"

"ಫೋಟೋದಲ್ಲಿ."

ಕ್ಯಾಮೆರಾ ಎತ್ತ ನೋಡಬೇಕು?

ಪುಣ್ಯಾತ್ಮರೊಬ್ಬರು ಬೀದಿಗೆ ಸಿಸಿ ಕ್ಯಾಮೆರಾ ದಾನ ಮಾಡಿದರು. ಕಂಬಕ್ಕೆ ಕಟ್ಟಿ ನಾವು ಈಚೆ ಬಂದೆವೋ ಇಲ್ಲವೋ, ತಕರಾರು ಶುರು. ಕ್ಯಾಮೆರಾ ಬೇಕು, ಆದರೆ ಪಕ್ಕದ ಮನೆ ಕಡೆಗೆ ಇರಲಿ ಎಂದು ಎಲ್ಲರ ವಾದ. "ನಮ್ಮೆಜಮಾನ್ರು ಯಾವ ಸ್ಥಿತೀಲಿ ಮನೆಗೆ ಬರ್ತಾರೆ ಅಂತ ಊರಿಗೆಲ್ಲಾ ಯಾಕೆ ಮೇಡಂ?" ಎಂದರು ಒಬ್ಬರು. ಯಜಮಾನರು ಅಲ್ಲೇ ನಿಂತು ಹೌದು ಹೌದು ಎಂದು ತಲೆಯಾಡಿಸಿದರು.

ನಾವಿಲ್ಲದಾಗ ಒಬ್ಬೊಬ್ಬರೂ ದೋಟಿ ತಂದು ಅದನ್ನು ತಮ್ಮ ಮನೆಯಿಂದ ಆಚೆಗೆ ತಿವಿದು ತಿವಿದು, ಕೊನೆಗೆ ಅದು ಎಲ್ಲರ ಮನೆಯನ್ನೂ ಬಿಟ್ಟು ಬೇವಿನ ಮರ ನೋಡುತ್ತ ನಿಂತಿತು. ನಮಗದು ಗೊತ್ತಿಲ್ಲ. ಮೋಟರ್ ಕಳ್ಳನ ಸುಳಿವು ಸಿಕ್ಕೀತೆಂದು ಸಾಹೇಬರು ಒಂದು ಬೆಳಗ್ಗೆ ಕಾಫಿಯನ್ನೂ ಮರೆತು ಕಂಪ್ಯೂಟರ್ ಮುಂದೆ ಕೂತರು.

"ಏನಾದ್ರೂ ಸಿಕ್ತಾ ಸಾರ್?" ಎಂದೆ.

ಸಾಹೇಬರು ನಿಟ್ಟುಸಿರು ಬಿಟ್ಟರು. "ಕಾಗೆ ಮೊಟ್ಟೆ ಇಟ್ಟಿದೆ ಕಣಮ್ಮಾ."

ಸೀಟಿ

ಮುಂದಿನ ಉಪಾಯ ಸೀಟಿ. ಅಪಾಯ ಕಂಡವರು ಊದಬೇಕು, ಕೇಳಿದವರು ಓಡಿ ಬರಬೇಕು. ಎಲ್ಲ ಮನೆಗೂ ಹಂಚಿದೆವು. ಪರೀಕ್ಷೆ ಮಾಡಲು ಸಾಹೇಬರೇ ಖುದ್ದಾಗಿ ಬಂದು ಬೀದಿಯ ನಡುವೆ ನಿಂತರು. ಭಾಯಿ ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ನೀರು ಬರುವ ತನಕ ಊದಿದ. ಎರಡೂ ಕಡೆ ಮಗ್ಗಗಳು ಲಟಪಟ ಲಟಪಟ. ಒಂದು ನರಪಿಳ್ಳೆಯೂ ಈಚೆ ಬರಲಿಲ್ಲ. ಪಕ್ಕದಲ್ಲೇ ನಿಂತ ನನಗೇ ಸೀಟಿ ಕೇಳಿಸಲಿಲ್ಲ, ಇನ್ನು ಒಳಗಿದ್ದವರಿಗೆ ಏನು ಕೇಳಿಸೀತು?

ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. ಮುಂದಿನ ಮನೆಗೆ ನುಗ್ಗಿ, ಮಗ್ಗದ ಹತ್ತಿರ ನಿಂತಿದ್ದ ಯಜಮಾನನ ಕಿವಿಗೆ ಬಾಯಿಟ್ಟು ಕೂಗಿದರು, "ಸೀಟಿ! ಸೀಟಿ ಕೇಳಿಸಲಿಲ್ವೇನ್ರೀ?"

ಆತನ ಮುಖ ಅರಳಿತು. "ಸೀರೆನಾ ಸಾರ್? ಕೇಳೋದ್ ಹೆಚ್ಚಾ? ಬನ್ನಿ, ಕೂತ್ಕೊಳ್ಳಿ! ಅಮ್ಮಾವ್ರಿಗೆ ಯಾವ ಕಲರ್ ಆಗುತ್ತೆ?"

"ಸೀರೆ ಅಲ್ಲಾರೀ! ಸೀಟಿ! ಊದೋದು!"

"ಊದಾನಾ? ಊದಾ ಕಲರ್ ಐತೆ ಸಾರ್, ಬಾರ್ಡರ್ ಬಲು ಚೆನ್ನಾಗೈತೆ!"

ಸಾಹೇಬರು ಆಚೆ ಬಂದಾಗ ಕೈಯಲ್ಲಿ ಕವರ್ ಇತ್ತು. ದುಡ್ಡು ಕೊಟ್ಟೇ ತಂದರು, ಅದಕ್ಕೆ ನಾನೇ ಸಾಕ್ಷಿ. ಮಾರನೆಯ ದಿನ ಅವರ ಮನೆಯವರು ನನಗೆ ಫೋನ್ ಮಾಡಿ ಕೇಳಿದರು, "ಸೀಟಿ ಪರೀಕ್ಷೆ ಇನ್ನೊಂದ್ಸಲ ಯಾವಾಗಮ್ಮಾ?"

ಕರೆಂಟು

ಆ ಬೀದಿಯಲ್ಲಿ ಸದ್ದಾದರೆ ಯಾರಿಗೂ ಎಚ್ಚರವಿಲ್ಲ, ಸದ್ದು ನಿಂತರೆ ಎಲ್ಲರಿಗೂ ಎಚ್ಚರ. ಕರೆಂಟ್ ಹೋಗಿ ಮಗ್ಗ ನಿಂತಿತೆಂದರೆ ಮನೆಗಳೆಲ್ಲ ಖಾಲಿಯಾಗಿ ಬೀದಿ ತುಂಬುತ್ತದೆ. ಇಷ್ಟು ದಿನ ನೋಡಿಯೂ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಪುಣ್ಯಕ್ಕೆ ಕಳ್ಳನ ತಲೆಗೂ ಹೊಳೆದಿರಲಿಲ್ಲ.

ಅವತ್ತು ಮಧ್ಯಾಹ್ನ ಗುಂಪಿನಲ್ಲಿ ಮೇಷ್ಟ್ರ ಸಂದೇಶ ಬಂತು: "ಬೀದಿಗೆಲ್ಲಾ ಕರೆಂಟ್ ಹೋಗಿದೆ. ಅದೃಷ್ಟಕ್ಕೆ ಲೈನ್‌ಮನ್ ಇಲ್ಲೇ ಸಿಕ್ಕಿದ್ದಾನೆ. ಆದರೆ ಕಂಬ ಹತ್ತಲ್ಲ ಅಂತ ಹಟ ಮಾಡ್ತಿದ್ದಾನೆ. ಮೇಡಂ ಬಂದು ಬುದ್ಧಿ ಹೇಳಬೇಕು."

ಜೀಪಿನಲ್ಲಿ ಹೋದೆ. ಜಾತ್ರೆಯಂತೆ ಜನ. ನಡುವೆ ಕಂಬಕ್ಕೆ ಏಣಿ ಒರಗಿಸಿದ್ದಾರೆ. ಏಣಿಯ ಎರಡನೇ ಮೆಟ್ಟಿಲಲ್ಲಿ ಖಾಕಿ ಪ್ಯಾಂಟಿನವನೊಬ್ಬ ಹಲ್ಲಿಯ ಹಾಗೆ ಅಂಟಿಕೊಂಡು ನಡುಗುತ್ತಿದ್ದಾನೆ. ಹೆಗಲಲ್ಲಿ ವೈರು, ಜೇಬಲ್ಲಿ ಕಟಿಂಗ್ ಪ್ಲೇಯರ್.

"ಅಣ್ಣಾ, ದೇವ್ರಾಣೆಗೂ ನನಗೆ ಕರೆಂಟ್ ಕೆಲಸ ಬರಲ್ಲ!" ಎಂದು ಅವನು ಅಳುತ್ತಿದ್ದ.

"ಬರ್ದಿದ್ರೆ ಪ್ಲೇಯರ್ ಯಾಕಯ್ಯಾ ಇಟ್ಕೊಂಡಿದ್ದೀಯ?" ಎಂದು ಮೇಷ್ಟ್ರು ಕೆಳಗಿನಿಂದ ಗದರಿದರು. ಅವನು ಏಣಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ.

ಮೋಟರ್ ಕಳೆದುಕೊಂಡಿದ್ದ ಆ ಹೆಂಗಸು ಅವನ ಚೀಲ ಹೊತ್ತು ನಿಂತು ಉಪಚಾರ ಮಾಡುತ್ತಿದ್ದಳು. ರೇಷನ್ ಅಂಗಡಿಯಿಂದ ಆಗ ತಾನೇ ಬಂದಿದ್ದಳಂತೆ, ಇನ್ನೂ ಮನೆಯೊಳಕ್ಕೆ ಕಾಲಿಟ್ಟಿರಲಿಲ್ಲ. "ಚೀಲದ ಯೋಚ್ನೆ ಬಿಡಪ್ಪಾ, ನಾನ್ ಹಿಡ್ಕೊಂಡಿರ್ತೀನಿ. ಇವತ್ತು ಸೀರೆ ಮುಗಿಸಿ ಕೊಡ್ಲೇಬೇಕು. ಹತ್ತು ನಮ್ಮಪ್ಪಾ."

ನನ್ನ ಸಮವಸ್ತ್ರ ಕಂಡಿದ್ದೇ ತಡ, ಅವನು ಏಣಿಯಿಂದ ಹಾರಿ ನನ್ನ ಕಾಲು ಹಿಡಿದ.

"ಮೇಡಂ, ನಾನು ಲೈನ್‌ಮನ್ ಅಲ್ಲ, ಕಳ್ಳ! ದಮ್ಮಯ್ಯಾ ಅಂತೀನಿ, ಅರೆಸ್ಟ್ ಮಾಡಿ!"

"ನಂಬಬೇಡಿ ತಾಯೀ" ಎಂದರು ಮೇಷ್ಟ್ರು. "ಕೆಲಸ ತಪ್ಪಿಸ್ಕೊಳ್ಳೋಕೆ ಏನ್ ಬೇಕಾದ್ರೂ ಹೇಳ್ತಾರೆ."

ನಾನು ಚೀಲ ಬಿಚ್ಚಿಸಿದೆ. ಭಾಯಿ ಬಗ್ಗಿ ನೋಡಿ ಕೂಗಿದ, "ಅರೆ! ಇದು ನಾನು ತಂತಿ ಸುತ್ತಿದ ಮೋಟರ್! ಅಕ್ಕಾ, ನಿಮ್ದೇ ಇದು!"

ಆಗಿದ್ದಿಷ್ಟು. ಆಕೆ ರೇಷನ್‌ಗೆ ಹೋದ ಹೊತ್ತಲ್ಲಿ ಕಳ್ಳ ಒಳಗೆ ನುಗ್ಗಿ ಮೋಟರ್ ಬಿಚ್ಚಿದ್ದಾನೆ. ಅವಸರದಲ್ಲಿ ವೈರಿಗೆ ವೈರು ತಗುಲಿ, ಢಂ ಎಂದು ಬೀದಿಯ ಫ್ಯೂಸೇ ಹಾರಿದೆ. ಅವನು ಬಾಗಿಲು ದಾಟುವಷ್ಟರಲ್ಲಿ ಊರೆಲ್ಲ ಹೊರಗೆ.

ಆ ಹೆಂಗಸು ಮೋಟರನ್ನು ತಬ್ಬಿಕೊಂಡು ರಸ್ತೆಯಲ್ಲೇ ಕೂತು ಗಳಗಳ ಅತ್ತಳು. ಮೊದಲು ಕದ್ದ ಮೋಟರ್‌ಗಳನ್ನು ಎಲ್ಲಿ ಬಚ್ಚಿಟ್ಟಿದ್ದೇನೆಂಬುದನ್ನೂ ಕಳ್ಳ ಕೇಳದೆಯೇ ಹೇಳಿಬಿಟ್ಟ. ಅವನಿಗೆ ಆ ಏಣಿಯಿಂದ ದೂರ ಹೋದರೆ ಸಾಕಾಗಿತ್ತು.

ಅವನನ್ನು ಜೀಪಿಗೆ ಹತ್ತಿಸಿದೆ. ಜನರೇ ಹಿಡಿದ ಮೊದಲ ಕಳ್ಳ! ಚಪ್ಪಾಳೆ ಬೀಳುತ್ತದೆಂದು ಕಾದೆ. ಒಬ್ಬರೂ ತಟ್ಟಲಿಲ್ಲ. ಬದಲಿಗೆ ಇಡೀ ಬೀದಿ ಬಂದು ಜೀಪಿಗೆ ಅಡ್ಡ ನಿಂತಿತು. ಎಲ್ಲರಿಗಿಂತ ಮುಂದೆ ಆ ಹೆಂಗಸು. ಕಣ್ಣೊರೆಸಿಕೊಂಡು, ಮೋಟರನ್ನು ಕೂಸಿನಂತೆ ಸೊಂಟಕ್ಕೆ ಏರಿಸಿಕೊಂಡು ಹೇಳಿದಳು:

"ಕಳ್ಳ ಸಿಕ್ಕಿದ, ಬಲು ಸಂತೋಷ ಮೇಡಂ. ಆದ್ರೆ ಕರೆಂಟ್ ತೆಗ್ದೋನು ಇವ್ನೇ ತಾನೆ? ಹಾಕ್ಬಿಟ್ಟು ಹೋಗೋಕೆ ಹೇಳಿ."