ಎಳ್ಳುಂಡಿಯ ವೇಗವರ್ಧಕ

ಪ್ಲಾಸ್ಟಿಕ್ ಹೇಗಾಗುತ್ತದೆ ಎಂಬುದನ್ನು ಉಂಡಿ ಕಟ್ಟಿ ತೋರಿಸಬಲ್ಲೆ ಎಂದು ನಾನು ಒಂದು ಕಾಲಕ್ಕೆ ದೃಢವಾಗಿ ನಂಬಿದ್ದೆ.

ಆಗ ನಾವು ತಿಳವಳ್ಳಿಯಲ್ಲಿದ್ದೆವು. ಮನೆಮನೆಗೆ ಪ್ಲಾಸ್ಟಿಕ್ ಕೊಡ ಬರತೊಡಗಿದ್ದ ದಿನಗಳು. ನಮ್ಮ ಯಜಮಾನರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸೋಮವಾರ ಇಲಾಖೆಯ ಸಾಹೇಬರು ಪಾಠ ನೋಡಲು ಬರುವವರಿದ್ದರು. ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಗಂಟುಮೂಟೆ.

ರವಿವಾರ ಅವರು ನನ್ನ ಮುಂದೆಯೇ ಪಾಠ ಒಪ್ಪಿಸಿದರು.

“ಎಥಿಲೀನ್ ಅನಿಲದಾಗ ಎರಡು ಕಾರ್ಬನ್ ಎರಡೂ ಕೈ ಹಿಡಕೊಂಡು ಕುಂತಿರ್ತಾವು. ಟೈಟೇನಿಯಂ, ಅಲ್ಯೂಮಿನಿಯಂ ಸೇರಿಸಿ ಮಾಡಿದ ವೇಗವರ್ಧಕ ಒಂದು ಕೈ ಬಿಡಿಸಿ, ಒಂದಕ್ಕೊಂದು ಪೋಣಿಸ್ತೈತಿ. ಸಾವಿರಾರು ಕೂಡಿದ್ರ ಪ್ಲಾಸ್ಟಿಕ್.”

“ಆಮ್ಯಾಲ ಆ ವೇಗವರ್ಧಕ ಏನಾಗ್ತೈತ್ರಿ?”

“ನೀ ಹೂ ಕಟ್ಟೋ ಮುಂದ ಬೆರಳು ಇರ್ತಾವಲ್ಲ, ಹಂಗ. ಹೊಸಾ ಹೂವು ಬೆರಳಿನ ಹತ್ರನ ಸೇರ್ತೈತಿ. ಮಾಲಿ ಬೆಳೀತೈತಿ, ಬೆರಳು ಖರ್ಚಾಗಂಗಿಲ್ಲ.”

“ಇಷ್ಟ ಏನ್ರಿ?” ಎಂದೆ.

ತರಗತಿಯಲ್ಲಿ ತೋರಿಸಲು ಮಣ್ಣಿನ ಉಂಡೆ ಮಾಡಿಕೊಡು ಎಂದರು. ಉಂಡಿಯನ್ನೇ ಮಾಡಿದರೆ ಪಾಠ ಮುಗಿದ ಮೇಲೆ ಮಕ್ಕಳಾದರೂ ತಿನ್ನುತ್ತಾರೆ ಎಂಬುದು ನನ್ನ ಶಾಸ್ತ್ರ. ಎರಡೆರಡು ಶೇಂಗಾ ಉಂಡಿಗಳ ನಡುವೆ ಉರಿದುಳಿದ ಊದಿನಕಡ್ಡಿ ಎರಡೆರಡು ಚುಚ್ಚಿ ಜೋಡಿಸಿದೆ. ಹತ್ತು ಜೋಡಿ ಎಥಿಲೀನ್ ಸಿದ್ಧ. ವೇಗವರ್ಧಕವೆಂದು ದೊಡ್ಡದೊಂದು ಎಳ್ಳುಂಡಿ ಕಟ್ಟಿದೆ.

ಸೋಮವಾರ ಯಜಮಾನರು ಮುಂದೆ ಹೋದರು. ನಾನು ತಾಟಿಗೆ ಬಟ್ಟೆ ಮುಚ್ಚುತ್ತಿದ್ದಾಗ ಬಾಗಿಲಲ್ಲಿ ಅಯ್ನಾರು ನಿಂತಿದ್ದರು. ಶಿವನ ವಾರ, ಜಂಗಮರನ್ನು ಬರಿಗೈಲಿ ಕಳಿಸಬಾರದು. ಜೋಡಿ ಮುರಿಯುವಷ್ಟು ದಡ್ಡಿ ನಾನಲ್ಲ. ಒಂಟಿಯಾಗಿದ್ದ ಎಳ್ಳುಂಡಿಯನ್ನು ಭಕ್ತಿಯಿಂದ ಜೋಳಿಗೆಗೆ ಹಾಕಿದೆ.

“ನಿನ್ನ ಮನಿ ತಣ್ಣಗಿರಲಿ ತಾಯಿ,” ಎಂದರು. ಅವರು ಓಣಿ ದಾಟಿದ ಮೇಲೆ ನನ್ನ ಮೈ ತಣ್ಣಗಾಯಿತು. ಜೋಡಿಗಳೆಲ್ಲ ಉಳಿದಿದ್ದವು. ಪೋಣಿಸುವ ಬೆರಳನ್ನೇ ದಾನ ಮಾಡಿಬಿಟ್ಟಿದ್ದೆ.

ಮತ್ತೆ ಪಾಕ ಹಿಡಿಯಲು ಹೊತ್ತೆಲ್ಲಿ? ದೇವರ ಜಗಲಿಯ ಮೇಲೆ ವಿಭೂತಿ ಉಂಡಿ ಕಂಡಿತು. ದುಂಡಗಿತ್ತು, ಒಂಟಿಯಾಗಿತ್ತು, ಪವಿತ್ರವೂ ಆಗಿತ್ತು. ಶಿವನೇ ಕೊಟ್ಟ ಎಂದು ತಾಟಿನಲ್ಲಿಟ್ಟುಕೊಂಡು ಓಡಿದೆ.

ಎಳ್ಳುಂಡಿ ಅಯ್ನಾರಿಗೆ ಹೋಯಿತೆಂದು ಪಿಸುಗುಟ್ಟಿ, ತಾಟು ಕೊಟ್ಟು ಕಿಟಕಿಯ ಹೊರಗೆ ನಿಂತೆ. ಯಜಮಾನರು ಬಟ್ಟೆ ತೆಗೆದು ವಿಭೂತಿಯನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದರು. ನಂತರ ಗಂಭೀರವಾಗಿ ಮೊದಲ ಜೋಡಿಯ ಒಂದು ಕಡ್ಡಿ ಬಿಡಿಸಿ ವಿಭೂತಿಗೆ ಚುಚ್ಚಿದರು.

ವಿಭೂತಿ ಠಪ್ಪೆಂದು ಒಡೆಯಿತು. ಬೂದಿ ಹಾರಿ ಸಾಹೇಬರ ಕರಿ ಕೋಟಿನ ಮೇಲೆ ಕೂತಿತು.

ಸಾಹೇಬರು ಕೋಟು ಕೊಡವಿಕೊಂಡರು. “ಏನ್ರಿ ಇದು?”

“ವೇಗವರ್ಧಕರೀ ಸರ್.”

“ಹಿಂಗ ಪುಡಿ ಆಗ್ತೈತೇನು?”

“ಇಲ್ರಿ. ಅಸಲಿದು ಬ್ಯಾರೆ ಇತ್ರಿ. ಮುಂಜಾನೆ ನಮ್ಮ ಮನಿಯಾಕಿ ಅದನ್ನ ಅಯ್ನಾರಿಗೆ ನೀಡ್ಯಾಳಂತ್ರಿ.”

ನಾನು ಕಿಟಕಿಯ ಕೆಳಗೆ ಕುಕ್ಕರಿಸಿದೆ. ಒಳಗಿನ ಮಾತು ಮಾತ್ರ ಕೇಳುತ್ತಿತ್ತು. ಸಾಹೇಬರೆಂದರು:

“ಆಗಲಿ. ಇಂಥಾ ವೇಗವರ್ಧಕ ಯಾತರಿಂದ ಕೆಡ್ತೈತಿ, ಅದನ್ನರ ಹೇಳ್ರಿ ನೋಡೋಣ.”

“ನೀರು ತಾಗಿದ್ರ ಕೆಡ್ತೈತ್ರಿ, ಗಾಳಿ ತಾಗಿದ್ರ ಕೆಡ್ತೈತ್ರಿ,” ಎಂದರು ಯಜಮಾನರು. ಅಷ್ಟಕ್ಕೇ ಬಿಡದೆ, “ನಮ್ಮ ಮನಿಯಾಕಿ ಕೈ ತಾಗಿದ್ರೂ ಕೆಡ್ತೈತ್ರಿ,” ಎಂದರು.

ತರಗತಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಸಾಹೇಬರು ನಕ್ಕರು. ಕೋಟಿನ ಮೇಲಿನ ವಿಭೂತಿಯನ್ನು ಬೆರಳಿಗೆ ತೆಗೆದು ಹಣೆಗೂ ಹಚ್ಚಿಕೊಂಡರಂತೆ. ಶಿವ ದೊಡ್ಡವನು, ತಿಂಗಳೊಳಗೆ ನೌಕರಿ ಕಾಯಂ ಆಯಿತು.

ಆ ವರ್ಷದ ಕಾಲೇಜು ಪರೀಕ್ಷೆಯಲ್ಲಿ ವೇಗವರ್ಧಕವನ್ನು ಕೆಡಿಸುವ ಮೂರು ಕಾರಣ ಬರೆಯಿರಿ ಎಂಬ ಪ್ರಶ್ನೆ ಬಂತು. ಇಡೀ ತರಗತಿ ನೀರು, ಗಾಳಿ, ಸರ್ ಅವರ ಮನೆಯವರು ಎಂದೇ ಬರೆದಿತ್ತು.

ಯಜಮಾನರು ಎಲ್ಲರಿಗೂ ಪೂರ್ತಿ ಅಂಕ ಕೊಟ್ಟರು.