ಕಾಕಾನ ಹತ್ತು ಉಸಿರು

ನಮ್ಮ ಕಾಕಾ ಧ್ಯಾನಕ್ಕೆ ಕೂತರೆ ಕೆರೂರಿನ ಎರಡು ಓಣಿಗಳಲ್ಲಿ ರೊಟ್ಟಿ ತಡವಾಗುತ್ತದೆ. ಉತ್ಪ್ರೇಕ್ಷೆಯಲ್ಲ, ವಾರ, ವೇಳೆ ಸಮೇತ ನನ್ನ ಡೈರಿಯಲ್ಲಿದೆ.

ಕಾಕಾನದು ಹಿಟ್ಟಿನ ಗಿರಣಿ. ಇಪ್ಪತ್ತೆಂಟು ವರ್ಷ ಅದರ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ, ಈಗ ಗಿರಣಿ ನಿಂತರೂ ಅವರ ಧ್ವನಿ ಇಳಿಯುವುದಿಲ್ಲ. ‘ನೀರು ಕೊಡು’ ಎಂದರೆ ಎಲ್ಲಿ ಬೆಂಕಿ ಬಿತ್ತೋ ಎಂದು ನೆರೆಯವರು ಕೊಡ ಹಿಡಿದು ಬರಬೇಕು! ನಾವೆಲ್ಲ ಸಹಿಸಿಕೊಂಡಿದ್ದೆವು. ಸಹಿಸದವಳು ಒಬ್ಬಳೇ: ಪ್ರತಿ ರವಿವಾರ ಗುಳೇದಗುಡ್ಡದಿಂದ ತಾಯಿಯ ಬಗಲಲ್ಲಿ ಬರುವ, ಒಂದೂವರೆ ವರ್ಷದ ಮೊಮ್ಮಗಳು. ಕಾಕಾ ‘ಬಾ ಕೂಸ’ ಎಂದ ಕೂಡಲೇ ಕಿಟಾರನೆ ಕಿರುಚಿ ಅವ್ವನ ಸೆರಗಿನಲ್ಲಿ ಮುಖ ಹುದುಗಿಸುತ್ತಿದ್ದಳು. ಆರು ರವಿವಾರ, ಆರು ಅಳು. ಆರನೆಯ ಸಲ ಕಾಕಾ ಉಣ್ಣದೆ ಎದ್ದುಹೋದರು.

ಮರುದಿನ ಜೋಳ ಬೀಸಿಸಲು ಬಂದ ನಿವೃತ್ತ ಮಾಸ್ತರರು ಉಪಾಯ ಹೇಳಿದರು. “ಕೆಲಸದ ನಡುವ ದಿನಾ ಐದ ಸಲ ಕಣ್ಣ ಮುಚ್ರಿ. ಹತ್ತ ಉಸಿರ ಎಣಸ್ರಿ. ಧ್ವನಿ ತಾನ ಇಳೀತದ.”

ಕಾಕಾನ ತಾಯಿ, ಅಂದರೆ ನಮ್ಮಜ್ಜಿ, ಒಪ್ಪಲಿಲ್ಲ. “ದಿನಾ ಮುಂಜಾನಿ ಅಂಗೈಯಾಗ ಲಿಂಗ ಹಿಡಕೊಂಡ ಕೂಡ್ತಿಯಲ್ಲ, ಅದಕ್ಕೇನಾಗೇತಿ?”

“ಯವ್ವಾ, ಅದು ಮನ್ಯಾಗ. ಇದು ಗಿರಣ್ಯಾಗ.”

“ಹೌದಪಾ. ಪೂಜಿ ಮುಗಿಸಿ ನೀ ಚಹಾಕ್ಕ ಒದರೂದು ಗಿರಣಿತನಕಾ ಕೇಳ್ತೈತಿ.”

ಮಂಗಳವಾರ ಮೊದಲ ಧ್ಯಾನ. ಉಸಿರನ್ನು ಮನಸ್ಸಿನಲ್ಲೇ ಎಣಿಸಬೇಕೆಂದು ಮಾಸ್ತರರು ಹೇಳಿರಲಿಲ್ಲ. ಕಾಕಾ “ಒಂದೂ! ಎರಡೂ!” ಎಂದು ಹತ್ತರವರೆಗೆ ಕೂಗಿದರು. ಎದುರಿನ ಚಹಾದಂಗಡಿಯವನು ಹತ್ತು ಚಹಾ ಕಳಿಸಿದ! ಸರದಿಯಲ್ಲಿದ್ದ ಹೆಂಗಸರು ಕುಡಿದರು. ಬುಧವಾರ ಅದೇ ವೇಳೆಗೆ ಸರದಿ ದುಪ್ಪಟ್ಟಾಗಿತ್ತು.

ಗುರುವಾರ, ಎಣಿಕೆ ಮನಸ್ಸಿನೊಳಗೆ ಇಳಿದ ಮೇಲೆ, ಇನ್ನೊಂದು ಸಂಗತಿ ತಿಳಿಯಿತು. ಕಾಕಾನಿಗೆ ಗಿರಣಿ ಓಡುತ್ತಿದ್ದರೆ ಮಾತ್ರ ಮನಸ್ಸು ನಿಲ್ಲುತ್ತದೆ. ನಾಲ್ಕನೆಯ ಉಸಿರಿಗೆ ಕರೆಂಟು ಹೋಯಿತು. ಸೂಜಿ ಬಿದ್ದರೂ ಕೇಳುವಷ್ಟು ಮೌನ. ಕಾಕಾ ಬೆಚ್ಚಿ ಕಣ್ಣು ತೆರೆದರು.

“ಯಾರ್ರಿ ಅದು, ಗದ್ದಲಾ ಮಾಡಾಕತ್ತೀರಿ?”

ಶುಕ್ರವಾರ ಅವರ ಕಣ್ಣು ಮುಚ್ಚಿದ್ದಾಗ ಹಿಟ್ಟು ಡಬ್ಬಿ ತುಂಬಿ ನೆಲಕ್ಕೆ ಚೆಲ್ಲತೊಡಗಿತು.

“ಅಣ್ಣಾ, ಹಿಟ್ಟ ಚೆಲ್ಲಾಕತ್ತೈತೋ!” ಎಂದಳು ಡಬ್ಬಿಯ ಒಡತಿ.

ಕಾಕಾ ಕಣ್ಣು ತೆರೆಯದೆ ಮೂರು ಬೆರಳು ತೋರಿಸಿದರು. ಇನ್ನು ಮೂರು ಉಸಿರು ಬಾಕಿ! ಆ ದಿನದ ಲೆಕ್ಕ: ಕಾಕಾ ಒದರಿದ್ದು ಸೊನ್ನೆ, ಗಿರಾಕಿಗಳು ಒದರಿದ್ದು ಏಳು.

ಆದರೆ ಪರೀಕ್ಷೆ ಇದ್ದದ್ದು ರವಿವಾರ ತಾನೆ? ಮೊದಲ ರವಿವಾರ ಕಾಕಾ ಬಹಳ ಧ್ವನಿ ಇಳಿಸಿ ಕರೆದರು. ಬಸ್‌ಸ್ಟ್ಯಾಂಡಿನವರೆಗೆ ಮಾತ್ರ ಕೇಳಿಸಿತು. ಕೂಸು ಅತ್ತಿತು. ಎರಡನೆಯ ರವಿವಾರ ಕರೆಯುವ ಮುಂಚೆ ಹತ್ತು ಉಸಿರು ಎಣಿಸಿದರು. ಕಣ್ಣು ತೆರೆಯುವಷ್ಟರಲ್ಲಿ ಕೂಸು ನಿದ್ದೆ ಹೋಗಿತ್ತು. ಇದನ್ನು ಯಾವ ಸಾಲಿಗೆ ಸೇರಿಸಬೇಕೆಂದು ತಿಳಿಯದೆ ಡೈರಿಯ ಪುಟ ಖಾಲಿ ಬಿಟ್ಟೆ.

“ನಾ ಇನ್ನ ಅಕಿನ್ನ ಕರಿಯೂದಿಲ್ಲ,” ಎಂದರು ಕಾಕಾ ಆ ಸಂಜೆ. “ಕೂಸಿನ್ನ ಅಂಜಿಸೂದ ಬ್ಯಾಡ.”

ಮೂರನೆಯ ರವಿವಾರ ಕರೆಯಲೇ ಇಲ್ಲ. ಓಡುತ್ತಿದ್ದ ಗಿರಣಿಯ ಬಾಗಿಲ ಬಳಿ, ಮೈಯೆಲ್ಲ ಹಿಟ್ಟಾಗಿ, ಕಣ್ಣು ಮುಚ್ಚಿ ಕೂತಿದ್ದರು. ಕೂಸು ಅವ್ವನ ಬಗಲಿಂದ ಇಳಿಯಿತು. ಗೋಡೆ ಹಿಡಿದು ಹಿಡಿದು ಹೋಗಿ ಅವರ ಮೊಣಕಾಲಿಗೆ ಆತು ನಿಂತಿತು. ಒಂದು ಬೆರಳಿಂದ ಮೀಸೆಯ ಹಿಟ್ಟು ಒರೆಸಿತು. ಕಾಕಾ ಅಲುಗಲಿಲ್ಲ.

“ಅಣ್ಣಾ, ನನ್ನ ಗೋದಿ...” ಎಂದು ಯಾರೋ ಬಾಯಿ ತೆರೆದರು. ಅಜ್ಜಿ ಅವರಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿ, ತಾನೇ ಹೋಗಿ ಗಿರಣಿಯ ಸ್ವಿಚ್ಚು ಆರಿಸಿದಳು.

ಕಾಕಾ ಕಣ್ಣು ತೆರೆದು, ಬಾಗಿ, ಕೂಸಿನ ಕಿವಿಯಲ್ಲಿ ಏನೋ ಹೇಳಿದರು. ಎರಡು ಮೊಳ ದೂರದಲ್ಲಿ ನಿಂತ ನನಗೂ ಕೇಳಿಸಲಿಲ್ಲ.

ಕೂಸು ನಕ್ಕಿತು.