ರಜೆ ಕೇಳಿದ ಭೂತ

ಜಪಾನಿ ಸಾಹೇಬರ ಕೈಕೆಳಗೆ ದುಡಿಯುವವನಿಗೆ ಹಬ್ಬ ಬಂತೆಂದರೆ ಜೊತೆಗೊಂದು ಫಜೀತಿಯೂ ಬಂತೆಂದೇ ತಿಳಿಯಬೇಕು. ನಾನಿರುವುದು ಕುವೈತಿನ ಮೀನಾ ಅಬ್ದುಲ್ಲಾದ ಒಂದು ಕಾಂಟ್ರಾಕ್ಟ್ ಆಫೀಸಿನಲ್ಲಿ. ಮೊದಲ ಸಲ ಬರೆಯುತ್ತಿದ್ದೇನೆ, ವಿವರಣೆ ಹೆಚ್ಚಾದರೆ ಕ್ಷಮಿಸಿ. ಈ ಫೆಬ್ರವರಿಯಲ್ಲಿ ಊರಲ್ಲಿ ನಮ್ಮ ಕುಟುಂಬದ ದೈವದ ನೇಮ, ಅಂದರೆ ದೈವ ಪಾತ್ರಿಯ ಮೈಮೇಲೆ ಬಂದು ಮಾತಾಡುವ ಉತ್ಸವವಿತ್ತು. ಸೋದರಮಾವನ ನಂತರ ಯಜಮಾನನಾಗಿ ಕೈಮುಗಿದು ನಿಲ್ಲಬೇಕಾದವನು ನಾನೇ. ರಜೆ ಬೇಕೇ ಬೇಕು, ಕೊಡಬೇಕಾದವರು ಸಾಹೇಬರು.

ಕೋಳಿ

ನಮ್ಮ ಅಕೌಂಟೆಂಟ್ ಮೇಡಂ ಮಂಗಳೂರಿನ ಕೊಂಕಣಿ ಕ್ರೈಸ್ತರು. ಕ್ರಿಸ್ಮಸ್ ಊಟಕ್ಕೆ ಸಾಹೇಬರನ್ನೂ ನಮ್ಮನ್ನೂ ಸಾಲ್ಮಿಯಾ ಪೇಟೆಯ ತಮ್ಮ ಮನೆಗೆ ಕರೆದಿದ್ದರು. ಸಾಹೇಬರು ಖುಷಿಯಲ್ಲಿರುವಾಗ ರಜೆ ಕೇಳೋಣವೆಂದು ನಾನೂ ಹೋದೆ. ಮಟನ್, ಇಡ್ಲಿಯಂಥ ಸಣ್ಣಾಸ್, ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ಎಲ್ಲ ಇತ್ತು. ಸಾಹೇಬರು ಮೇಜು ನೋಡಿ ಸಪ್ಪಗಾದರು. "ಕರಿದ ಕೋಳಿ ಎಲ್ಲಿ?"

ಜಪಾನಿನಲ್ಲಿ ಚರ್ಚಿಗೆ ಹೋಗದವರೂ ಕ್ರಿಸ್ಮಸ್ಸಿಗೆ ಕರಿದ ಕೋಳಿ ತಿನ್ನುತ್ತಾರಂತೆ. ಅದಿಲ್ಲದೆ ಹಬ್ಬ ಹೇಗಾದೀತೆಂದು ಊಟ ಮುಗಿಯುವವರೆಗೆ ತಿಳಿಹೇಳಿದರು. ಮೇಡಂ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಎಂತ ಮಾರಾಯ್ರೆ, ನಮ್ಮ ಹಬ್ಬ ನಮಗೇ ಕಲಿಸ್ತಾರಲ್ಲ!"

ಚಪ್ಪಾಳೆ

ಹೊಸ ವರ್ಷದ ಮೊದಲ ಕೆಲಸದ ದಿನ ಸಾಹೇಬರ ಕ್ಯಾಬಿನ್ನಿನಿಂದ ಎರಡು ಚಪ್ಪಾಳೆ ಕೇಳಿಸಿತು. ನನ್ನನ್ನೇ ಕರೆದರೆಂದು ರಜೆ ಅರ್ಜಿ ಹಿಡಿದು ಓಡಿದೆ. ಅವರು ಬೀರುವಿನ ಮೇಲಿನ ಪುಟ್ಟ ಮರದ ಗುಡಿಯ ಮುಂದೆ ಕಣ್ಣುಮುಚ್ಚಿ ನಿಂತಿದ್ದರು.

"ಕರೆದಿರಾ ಸರ್?"

"ನಿಮ್ಮನ್ನಲ್ಲ, ದೇವರನ್ನು."

ಅವರಲ್ಲಿ ಹಾಗೇ ಕರೆಯುವುದಂತೆ. ಮಾತು ಬೆಳೆಸೋಣವೆಂದು, "ನಿಮ್ಮದು ಯಾವ ಧರ್ಮ ಸರ್?" ಅಂದೆ.

"ಧರ್ಮವೇ? ನನಗೆ ಅಂಥದ್ದೇನೂ ಇಲ್ಲ," ಎಂದು ಮತ್ತೆ ಗುಡಿಗೆ ಬಾಗಿದರು.

ಭೂತ

ಫೆಬ್ರವರಿ ಆರಂಭದಲ್ಲಿ ಅವರಿಗೆ ಇನ್ನೊಂದು ಹಬ್ಬ. ಹುರಿದ ಸೋಯಾಕಾಳು ಎಸೆದು ದೆವ್ವವನ್ನು ಮನೆಯಿಂದ ಓಡಿಸುವುದು. ಒಬ್ಬರು ದೆವ್ವವಾಗಬೇಕು. ರಜೆ ಅರ್ಜಿ ಇನ್ನೂ ಜೇಬಿನಲ್ಲೇ ಇರುವವನು ಬೇಡವೆನ್ನಲಾದೀತೇ? ಕೊಂಬಿನ ಕೆಂಪು ಮುಖವಾಡ ಹಾಕಿದೆ. "ಯಲ್ಲಾ!" ಎಂದು ಅರಬಿಯಲ್ಲಿ ಹುರಿದುಂಬಿಸುತ್ತ ಇಡೀ ಆಫೀಸೇ ಕಾಳು ಬೀಸಿತು. ಮೇಡಂ ಅಂತೂ ಗುರಿಯಿಟ್ಟೇ ಹೊಡೆದರು.

ಸಾಹೇಬರು ನಗುತ್ತಿದ್ದರು. ಇದೇ ಸಮಯವೆಂದು ರಜೆ ಕೇಳಿದೆ.

"ಯಾಕೆ?"

"ನಮ್ಮ ಮನೆಗೆ ಭೂತ ಬರುತ್ತದೆ ಸರ್. ಕರೆಯಲು ನಾನಿರಬೇಕು."

ನಮ್ಮ ಭೂತವೆಂದರೆ ಓಡಿಸುವ ದೆವ್ವವಲ್ಲ, ಪೂಜಿಸುವ ದೈವ ಎಂದೂ ವಿವರಿಸಿದೆ. ಅವರ ನಗು ಆಗಲೇ ನಿಂತಿತ್ತು.

"ಬಂದು ಏನು ಮಾಡುತ್ತದೆ?"

"ನ್ಯಾಯ ಹೇಳುತ್ತದೆ ಸರ್. ಬಾರದವನನ್ನು ಯಾಕೆ ಬರಲಿಲ್ಲ ಎಂದು ಎಲ್ಲರೆದುರೇ ಕೇಳುತ್ತದೆ."

"ಆಗ ನಿಮ್ಮವರು ಏನೆನ್ನುತ್ತಾರೆ?"

"ಇದ್ದದ್ದನ್ನೇ ಹೇಳಬೇಕು ಸರ್. ಸಾಹೇಬರು ರಜೆ ಕೊಡಲಿಲ್ಲ ಅಂತ."

ಧರ್ಮವೇ ಇಲ್ಲದ ಸಾಹೇಬರು ಪೆನ್ನು ತೆಗೆದು ನಿಂತಲ್ಲೇ ಅರ್ಜಿಗೆ ಸಹಿ ಹಾಕಿದರು. ಬಾಗಿಲವರೆಗೂ ಹಿಂದೆಯೇ ಬಂದು ದನಿ ತಗ್ಗಿಸಿ ಹೇಳಿದರು:

"ಹೋಗಿ ಬನ್ನಿ. ಆದರೆ ಅಲ್ಲಿ ನನ್ನ ಹೆಸರು ಮಾತ್ರ ಎತ್ತಬೇಡಿ."